ಮಕ್ಕಳ ಚಿತ್ರಕಲಾ ಸ್ಪರ್ಧೆ: ನ್ಯಾಯವಾಗಿ ತೀರ್ಪು ಕೊಡುವ ಕ್ರಮ

ಪ್ರತಿಭಾ ಕಾರಂಜಿ, ಆಗಸ್ಟ್ 15, ಮಕ್ಕಳ ದಿನಾಚರಣೆ, ಗಣೇಶ ಮಂಡಳಿಯ ಕಾರ್ಯಕ್ರಮ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ವರ್ಷವಿಡೀ ಎಲ್ಲಾದರೊಂದು ಕಡೆ ಮಕ್ಕಳ ಚಿತ್ರಕಲಾ ಸ್ಪರ್ಧೆ ಇದ್ದೇ ಇರುತ್ತದೆ. ಫಲಿತಾಂಶ ಓದಿದ ಮೇಲೆ ಒಬ್ಬ ತಾಯಿಯಾದರೂ ಬಂದು ಕೇಳುತ್ತಾರೆ: "ನಮ್ಮ ಹುಡುಗಿದ್ಯಾಕ ಬರ್ಲಿಲ್ರೀ ಸರ?" ಆ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಇರಬೇಕು. ಹೆಚ್ಚಿನ ಕಡೆ ಇರುವುದಿಲ್ಲ. ನಿರ್ಣಾಯಕರು ಬೇಕೆಂದೇ ಪಕ್ಷಪಾತ ಮಾಡುವುದು ಅಪರೂಪ. ನಿಯಮ ಬರೆದಿಟ್ಟಿರುವುದಿಲ್ಲ, ಚಿತ್ರ ನೋಡಲು ಸಮಯ ಕೊಟ್ಟಿರುವುದಿಲ್ಲ, ಅನ್ಯಾಯ ಅಲ್ಲಿಂದ ಶುರುವಾಗುತ್ತದೆ. ಆದ್ದರಿಂದ ಮಗು ಪೆನ್ಸಿಲ್ ಹಿಡಿಯುವ ಮೊದಲೇ ಆಗಬೇಕಾದ ಕೆಲಸಗಳನ್ನು ಮೊದಲು ನೋಡೋಣ.

ವಿಷಯ ಆರಿಸುವುದು

ಅರ್ಧ ನ್ಯಾಯ ವಿಷಯದಲ್ಲೇ ತೀರ್ಮಾನವಾಗುತ್ತದೆ. "ಸಮುದ್ರ ತೀರ", "ವಿಮಾನ ನಿಲ್ದಾಣ" ಎಂದು ಕೊಟ್ಟರೆ ಅವನ್ನು ಕಂಡಿರುವ ಮಗುವಿಗೆ ಅನುಕೂಲ. ರೋಣ ತಾಲ್ಲೂಕಿನ ಹಳ್ಳಿಯ ಮಗು ಪುಸ್ತಕದ ಚಿತ್ರ ನೆನಪಿಸಿಕೊಂಡು ತೆಗೆಯಬೇಕಾಗುತ್ತದೆ. "ಪರಿಸರ ಉಳಿಸಿ" ಎಂಬ ಘೋಷಣೆಯಂಥ ವಿಷಯದಲ್ಲಿ ಬೇರೆ ತೊಂದರೆ. ಎರಡು ಕೈ ನಡುವೆ ಭೂಮಿ, ಅರ್ಧ ಹಸಿರು ಅರ್ಧ ಒಣಗಿದ ಗಿಡ, ನಲ್ಲಿಯಿಂದ ಬೀಳುವ ಒಂದು ಹನಿ: ಇವನ್ನು ಮಕ್ಕಳು ಬಾಯಿಪಾಠ ಮಾಡಿದ ಹಾಗೆ ತೆಗೆಯುತ್ತಾರೆ. ಐವತ್ತು ಹಾಳೆಯಲ್ಲಿ ಮೂವತ್ತು ಒಂದೇ ತರಹ ಬಂದರೆ ಉಳಿಯುವುದು ಯಾರ ಬಣ್ಣ ಗೆರೆ ದಾಟಿಲ್ಲ ಎಂಬ ಲೆಕ್ಕ ಮಾತ್ರ.

ಎಲ್ಲ ಮಕ್ಕಳೂ ಕಣ್ಣಾರೆ ಕಂಡಿರುವುದನ್ನು ಕೊಡಿ: ವಾರದ ಸಂತೆ, ಮಳೆ ಬಂದ ದಿನ, ಬಸ್ ಸ್ಟ್ಯಾಂಡು, ಅವ್ವ ರೊಟ್ಟಿ ಬಡಿಯುವುದು, ನಾಗರ ಪಂಚಮಿಯ ಜೋಕಾಲಿ, ಮಣ್ಣೆತ್ತಿನ ಅಮಾವಾಸ್ಯೆ. ಬ್ಯಾಡಗಿ ತಾಲ್ಲೂಕಿನ ಒಳಗಿನ ಸ್ಪರ್ಧೆಯಾದರೆ ಮೆಣಸಿನಕಾಯಿ ಒಣಹಾಕುವುದು ಒಳ್ಳೆಯ ವಿಷಯ. ರಾಜ್ಯಮಟ್ಟಕ್ಕೆ ಅದು ಒಗ್ಗುವುದಿಲ್ಲ. ಹಬ್ಬದ ವಿಷಯ ಒಂದಿದ್ದರೆ ಹಬ್ಬವಲ್ಲದ ಎರಡನ್ನು ಜೊತೆಗಿಟ್ಟು, ಮೂರರಲ್ಲಿ ಒಂದನ್ನು ಮಗುವೇ ಆರಿಸಿಕೊಳ್ಳಲಿ. ಎಲ್ಲ ಮನೆಗಳಲ್ಲೂ ಎಲ್ಲ ಹಬ್ಬ ಆಚರಿಸುವುದಿಲ್ಲ.

"ನಮ್ಮ ಶಾಲೆ" ಎಂಬ ವಿಷಯ ಬೇಡವೇ ಬೇಡ. ಮಗು ಬಾಗಿಲ ಮೇಲಿನ ಬೋರ್ಡನ್ನು ಅಕ್ಷರ ಬಿಡದೆ ಬರೆಯುತ್ತದೆ, ಸಮವಸ್ತ್ರಕ್ಕೆ ಸರಿಯಾದ ಬಣ್ಣ ತುಂಬುತ್ತದೆ. ಯಾವ ಶಾಲೆಯೆಂದು ನಿರ್ಣಾಯಕರಿಗೆ ಗೊತ್ತಾಗಿಬಿಡುತ್ತದೆ, ಹೆಸರು ಮುಚ್ಚಿಟ್ಟು ಏನೂ ಉಪಯೋಗವಾಗದು.

ವಿಷಯದ ಚೀಟಿಯನ್ನು ಲಕೋಟೆಯಲ್ಲಿ ಅಂಟಿಸಿಟ್ಟು ಮಕ್ಕಳ ಎದುರಿಗೇ ಒಡೆಯಿರಿ. ಹದಿನೈದು ದಿನ ಮುಂಚೆ ತಿಳಿಸಿದರೆ ಟ್ಯೂಷನ್ನಿನಲ್ಲಿ ಅದೇ ಚಿತ್ರವನ್ನು ಹತ್ತು ಸಲ ತೆಗೆಸಿ ಕಳಿಸುತ್ತಾರೆ.

ಹಾಳೆ, ಬಣ್ಣ, ಸಮಯ

ಹಾಳೆಯನ್ನು ಸಂಘಟಕರೇ ಕೊಡಬೇಕು. ಎಲ್ಲರಿಗೂ ಒಂದೇ ಅಳತೆ. ಎ3, ಅಂದರೆ 297 x 420 ಮಿಲಿಮೀಟರಿನ ಡ್ರಾಯಿಂಗ್ ಶೀಟು ಸಾಕು. ಒಂದರಿಂದ ನಾಲ್ಕನೇ ತರಗತಿಯವರಿಗೆ ಎ4 ಕೊಟ್ಟರೂ ನಡೆದೀತು. ನೂರು ಮಕ್ಕಳಿಗೆ ನೂರಾ ಹತ್ತು ಹಾಳೆ ಇರಲಿ. ಹಾಳೆ ಹರಿದ ಅಥವಾ ನೀರು ಚೆಲ್ಲಿಕೊಂಡ ಮಗುವಿಗೆ ಇನ್ನೊಂದು ಕೊಡಬಹುದು, ಆದರೆ ಹೆಚ್ಚುವರಿ ಸಮಯ ಕೊಡುವಂತಿಲ್ಲ ಎಂದು ಮೊದಲೇ ಹೇಳಿರಿ. ಹಿಂಬದಿಗೆ ಸಂಘಟಕರ ಸೀಲು ಬಿದ್ದಿರಲಿ, ಹೊರಗಿನ ಹಾಳೆ ಒಳಗೆ ಬರದಂತೆ.

ಬಣ್ಣದ ವಿಚಾರ ಹೆಚ್ಚು ಕಷ್ಟದ್ದು. ಒಂದು ಮಗುವಿನ ಡಬ್ಬಿಯಲ್ಲಿ 48 ಬಣ್ಣ, ಪಕ್ಕದ ಮಗುವಿನ ಹತ್ತಿರ ತುಂಡಾದ ಆರು ಕ್ರೆಯಾನ್. ಕೈಯಲ್ಲಿ ದುಡ್ಡಿದ್ದರೆ ಪ್ರತಿ ಮಗುವಿಗೂ 12 ಬಣ್ಣದ ಆಯಿಲ್ ಪೇಸ್ಟಲ್ ಡಬ್ಬಿ ಕೊಟ್ಟು, ಮನೆಗೂ ಒಯ್ಯಲು ಬಿಡಿ. ಟ್ರೋಫಿಯ ಖರ್ಚು ಕಡಿಮೆ ಮಾಡಿದರೆ ಇದು ಹೊಂದುತ್ತದೆ. ಅಷ್ಟೂ ಆಗದಿದ್ದರೆ ಇಬ್ಬರಿಗೊಂದು ಡಬ್ಬಿ. ಆಗ ಕಪ್ಪು, ಹಸಿರು ಬೇಗ ತೀರುತ್ತವೆ, ಅವೆರಡನ್ನು ಬಿಡಿಯಾಗಿ ಹೆಚ್ಚು ತಂದಿಡಿ. ಮಕ್ಕಳೇ ಬಣ್ಣ ತರಲಿ ಎಂದು ಬಿಟ್ಟರೆ ಮಾತ್ರ "12 ಬಣ್ಣಕ್ಕಿಂತ ಹೆಚ್ಚು ಬಳಸುವಂತಿಲ್ಲ" ಎಂಬ ನಿಯಮ ಮಾಡಿ.

ಮಳೆಗಾಲದಲ್ಲಿ ಧಾರವಾಡದ ಕಡೆ ಜಲವರ್ಣ ಇಡಬೇಡಿ. ಗಾಳಿಯಲ್ಲಿ ತೇವ ಇರುವುದರಿಂದ ಮೊದಲ ಬಣ್ಣ ಒಣಗುವುದರೊಳಗೆ ಮಗು ಎರಡನೆಯದನ್ನು ಹಚ್ಚುತ್ತದೆ, ಎರಡೂ ಕಲೆತು ಕೆಸರು ಬಣ್ಣವಾಗುತ್ತದೆ. ಅದು ಮಗುವಿನ ತಪ್ಪಲ್ಲ, ಸಂಘಟಕರದು. ತೇವ ಹಿಡಿದ ಹಾಳೆಯ ಮೇಲೆ ಮೇಣದ ಕ್ರೆಯಾನ್ ಕೂಡ ಹಿಡಿಯದೆ ಜಾರುತ್ತದೆ. ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಹಂಚುವಾಗಲೇ ಬಿಚ್ಚಿರಿ.

ವಿಭಾಗ ಮೂರು: 1ರಿಂದ 4, 5ರಿಂದ 7, 8ರಿಂದ 10ನೇ ತರಗತಿ. ಸಮಯ ಅನುಕ್ರಮವಾಗಿ ಒಂದು ತಾಸು, ಒಂದೂವರೆ ತಾಸು, ಎರಡು ತಾಸು. ಅಂಗವಿಕಲ ಮಕ್ಕಳಿಗೆ ಪರೀಕ್ಷೆಗಳಲ್ಲಿ ತಾಸಿಗೆ 20 ನಿಮಿಷ ಹೆಚ್ಚು ಕೊಡುವ ಪದ್ಧತಿ ಇದೆ. ಇಲ್ಲಿಯೂ ಅದನ್ನೇ ಪಾಲಿಸಿ. ಕೂಡುವುದು ನೆಲದ ಮೇಲಾದರೆ ಎಲ್ಲರೂ ನೆಲದ ಮೇಲೆ, ಪ್ರತಿಯೊಬ್ಬರಿಗೂ ಒಂದು ರಟ್ಟು. ಬೆಂಚು ಆದರೆ ಎಲ್ಲರಿಗೂ ಬೆಂಚು. ಪಾಲಕರು ಕಿಟಕಿಯ ಹತ್ತಿರವೂ ನಿಲ್ಲದಿರಲಿ. "ಆಕಾಶ ನೀಲಿ ಹಚ್ಚ" ಎಂದು ಹೊರಗಿನಿಂದ ಒಬ್ಬರು ಕೂಗಿದರೆ ಕೆಳಗೆ ಹೇಳುವ ಎಚ್ಚರಿಕೆಯೆಲ್ಲ ನೀರುಪಾಲು.

ಹೆಸರು ಮುಚ್ಚುವುದು

ನೋಂದಣಿಯ ಮೇಜಿನಲ್ಲಿ ಒಂದೇ ಸಂಖ್ಯೆಯ ಎರಡು ಚೀಟಿ. ಒಂದು ಹಾಳೆಯ ಹಿಂದೆ, ಕೆಳಗೆ ಬಲಮೂಲೆಗೆ ಅಂಟಬೇಕು. ಇನ್ನೊಂದರಲ್ಲಿ ಮಗುವಿನ ಹೆಸರು, ತರಗತಿ, ಶಾಲೆ ಬರೆದು ಲಕೋಟೆಗೆ ಹಾಕಬೇಕು. ಆ ಲಕೋಟೆ ಒಬ್ಬರ ಕೈಯಲ್ಲೇ ಇರಬೇಕು, ಅವರು ನಿರ್ಣಾಯಕರ ಕೋಣೆಗೆ ಕಾಲಿಡಬಾರದು. ಸಂಖ್ಯೆಯನ್ನು ಶಾಲೆವಾರು ಸಾಲಾಗಿ ಕೊಡಬೇಡಿ. 1ರಿಂದ 12 ಒಂದು ಶಾಲೆ, 13ರಿಂದ 20 ಇನ್ನೊಂದು ಎಂದಾದರೆ ಊಹೆ ಮಾಡುವುದು ಸುಲಭ. ಚೀಟಿಗಳನ್ನು ಕಲೆಸಿ ಹಂಚಿರಿ.

ಸಣ್ಣ ಮಕ್ಕಳು ರೂಢಿಯಿಂದ ಚಿತ್ರದ ಮೂಲೆಯಲ್ಲಿ ಹೆಸರು ಬರೆದುಬಿಡುತ್ತಾರೆ. ಅದಕ್ಕಾಗಿ ಚಿತ್ರವನ್ನು ತಳ್ಳಿಹಾಕುವುದು ಕ್ರೂರ. ಹಾಳೆ ಸಂಗ್ರಹಿಸುವವರೇ ಅದರ ಮೇಲೆ ಕಾಗದದ ಪಟ್ಟಿ ಅಂಟಿಸಲಿ, ಅಷ್ಟೇ ಸಾಕು.

ಇನ್ನೊಂದು ಮಾತು ಕಡ್ಡಾಯ. ಮಕ್ಕಳು ಚಿತ್ರ ತೆಗೆಯುವಾಗ ನಿರ್ಣಾಯಕರು ಸಭಾಂಗಣದಲ್ಲಿ ಅಡ್ಡಾಡಬಾರದು. ನಮ್ಮ ಕಡೆ ಅವರನ್ನು ಗೌರವದಿಂದ ಮುಂದಿನ ಕುರ್ಚಿಯಲ್ಲಿ ಕೂಡಿಸಿ, ನಡುವೆ ಸಾಲುಗಳಲ್ಲಿ ಕರೆದೊಯ್ದು ಫೋಟೊ ತೆಗೆಸುವ ರೂಢಿ ಇದೆ. ಅಲ್ಲಿ ಮುಖ, ಸಮವಸ್ತ್ರ, ಬಣ್ಣದ ಡಬ್ಬಿ ಎಲ್ಲ ಕಣ್ಣಿಗೆ ಬೀಳುತ್ತವೆ. ಆಮೇಲೆ ಚೀಟಿ ಅಂಟಿಸಿ ಏನು ಪ್ರಯೋಜನ? ಅವರನ್ನು ಸ್ಪರ್ಧೆ ಮುಗಿದ ಮೇಲೆ ಕರೆಸಿರಿ.

ನಿರ್ಣಾಯಕರು ಯಾರು

ಕನಿಷ್ಠ ಮೂವರು. ಇಬ್ಬರಾದರೆ ಭಿನ್ನಮತ ಬಂದಾಗ ಬಿಡಿಸುವವರಿಲ್ಲ. ಮೂವರಲ್ಲಿ ಒಬ್ಬರು ಚಿತ್ರಕಲಾ ಶಿಕ್ಷಕರು, ಒಬ್ಬರು ಕಲಾವಿದರು, ಒಬ್ಬರು ಆ ವಯಸ್ಸಿನ ಮಕ್ಕಳಿಗೆ ದಿನವೂ ಪಾಠ ಮಾಡುವ ಗುರುಗಳು ಅಥವಾ ಅಕ್ಕೋರು. ಈ ಮೂರನೆಯವರನ್ನು ಸಾಮಾನ್ಯವಾಗಿ ಕರೆಯುವುದೇ ಇಲ್ಲ. ಒಂದನೇ ತರಗತಿಯ ಮಗುವಿನ ಕೈ ಏನು ಮಾಡಬಲ್ಲದು ಎಂಬುದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಅವರಿಗೆ.

ಈ ಭಾಗದಲ್ಲಿ ಕಲೆ ಬಲ್ಲವರ ಕೊರತೆ ಇಲ್ಲ. ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿ 1935ರಲ್ಲಿ ಕಲಾಶಾಲೆ ಕಟ್ಟಿದರು. ಗದಗದಲ್ಲಿ ಟಿ.ಪಿ. ಅಕ್ಕಿಯವರು ವಿಜಯ ಕಲಾಮಂದಿರ ನಡೆಸಿದರು. ಇಂಥ ಶಾಲೆಗಳಿಂದ ಡ್ರಾಯಿಂಗ್ ಮಾಸ್ತರುಗಳ ಸಾಲೇ ಹೊರಟಿತು. ತೊಡಕೂ ಅದರಲ್ಲೇ ಇದೆ. ಯಾರನ್ನು ಕರೆದರೂ ಒಬ್ಬರು ಇನ್ನೊಬ್ಬರ ಗುರು ಅಥವಾ ಶಿಷ್ಯ, ಹಲವರು ಮನೆಯಲ್ಲಿ ಡ್ರಾಯಿಂಗ್ ಕ್ಲಾಸು ನಡೆಸುತ್ತಾರೆ, ಆ ಕ್ಲಾಸಿನ ಮಕ್ಕಳು ಸ್ಪರ್ಧೆಯಲ್ಲಿರುತ್ತಾರೆ. ತನ್ನ ಶಿಷ್ಯನ ಗೆರೆಯನ್ನು ಗುರು ಸಂಖ್ಯೆ ನೋಡದೆಯೇ ಗುರುತಿಸಬಲ್ಲ. ಹಾಗಾಗಿ ಊರು ಬದಲಿಸಿ. ಹುಬ್ಬಳ್ಳಿಯ ಸ್ಪರ್ಧೆಗೆ ಗದಗದಿಂದ, ಹಾವೇರಿಯದಕ್ಕೆ ಧಾರವಾಡದಿಂದ ಕರೆಯಿಸಿ, ಬಸ್ ಚಾರ್ಜು ಮತ್ತು ಗೌರವಧನ ಕೊಡಿ. "ಭಾಗವಹಿಸಿದ ಮಕ್ಕಳಲ್ಲಿ ನನ್ನ ಸಂಬಂಧಿಕರು, ನಾನು ಕಲಿಸುವವರು ಇಲ್ಲ" ಎಂದು ಬರೆಸಿ ಸಹಿ ಪಡೆಯಿರಿ. ಇದ್ದರೆ ಆ ವಿಭಾಗ ಬಿಟ್ಟು ಬೇರೆ ವಿಭಾಗ ನೋಡಲಿ. ಇದರಲ್ಲಿ ಅವಮಾನದ ಮಾತಿಲ್ಲ, ಅವರ ಮೇಲೆ ನಾಳೆ ಆಪಾದನೆ ಬರದಂತೆ ಕಾಯುವುದೂ ಇದೇ ಸಹಿ.

ವಯಸ್ಸಿಗೆ ತಕ್ಕ ಕಣ್ಣು

ತೀರ್ಪು ಅತಿ ಹೆಚ್ಚು ತಪ್ಪುವುದು ಇಲ್ಲಿ. ದೊಡ್ಡವರ ಅಳತೆಗೋಲು ಹಿಡಿದು ಸಣ್ಣವರ ಚಿತ್ರ ನೋಡುತ್ತೇವೆ.

ಮಕ್ಕಳ ಚಿತ್ರ ವಯಸ್ಸಿನೊಂದಿಗೆ ಹೇಗೆ ಬದಲಾಗುತ್ತದೆ ಎಂಬುದನ್ನು ಕಲಾಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಹಂತಗಳಾಗಿ ವಿವರಿಸಿದರು. ಸುಮಾರು ಏಳರಿಂದ ಒಂಬತ್ತರ ವಯಸ್ಸಿನಲ್ಲಿ ಮಗು ಹಾಳೆಯ ಕೆಳಗೆ ಒಂದು ನೆಲದ ಗೆರೆ ಎಳೆದು ಎಲ್ಲರನ್ನೂ ಅದರ ಮೇಲೆ ನಿಲ್ಲಿಸುತ್ತದೆ. ಆಕಾಶ ಮೇಲೆ ಒಂದು ನೀಲಿ ಪಟ್ಟಿ, ನಡುವೆ ಬಿಳಿ. ಮನೆಯ ಗೋಡೆ ಇದ್ದಂತೆಯೇ ಒಳಗೆ ಒಲೆ, ಅಜ್ಜಿ, ತೊಟ್ಟಿಲು ಕಾಣುತ್ತವೆ. ತನಗೆ ಮುಖ್ಯವಾದವರು ದೊಡ್ಡವರು: ರೊಟ್ಟಿ ಬಡಿಯುವ ಅವ್ವನ ಕೈ ಮನೆಯ ಬಾಗಿಲಿನಷ್ಟಿರಬಹುದು. ಕೆರೆಯ ಸುತ್ತ ಗಿಡ ತೆಗೆಯೆಂದರೆ ಗಿಡಗಳು ನಾಲ್ಕೂ ಕಡೆ ಹೊರಕ್ಕೆ ಮಲಗಿರುತ್ತವೆ. ಕೆರೆಯ ದಂಡೆಯಲ್ಲಿ ನಿಂತು ಒಂದೊಂದೇ ಕಡೆ ತಿರುಗಿ ನೋಡಿದರೆ ಪ್ರತಿ ಗಿಡವೂ ಎದ್ದೇ ನಿಂತಿದೆಯಲ್ಲ, ಮಗು ತೆಗೆದಿರುವುದು ಅದನ್ನೇ.

ಇವು ಯಾವುವೂ ದೋಷವಲ್ಲ. ಇವಕ್ಕೆ ಅಂಕ ಕಳೆಯಬಾರದು. ಎರಡನೇ ತರಗತಿಯ ಹಾಳೆಯಲ್ಲಿ ರಸ್ತೆ ದೂರಕ್ಕೆ ಸಣ್ಣದಾಗುತ್ತ ಹೋಗಿ, ಬೆಟ್ಟದ ನೆರಳು ಸರಿಯಾಗಿ ಬಿದ್ದಿದ್ದರೆ ಅದು ಹೆಚ್ಚಾಗಿ ಯಾರೋ ಕಲಿಸಿಕೊಟ್ಟ ಮಾದರಿ. ಅದನ್ನು ಮೆಚ್ಚಿ, ಅಜ್ಜಿಯ ಒಲೆ ಕಾಣಿಸಿದ ಮಗುವನ್ನು ಹಿಂದಿಟ್ಟರೆ ಟ್ಯೂಷನ್ ಫೀ ಕಟ್ಟಿದವರಿಗೆ ಬಹುಮಾನ ಕೊಟ್ಟಂತೆ.

ಐದರಿಂದ ಏಳನೇ ತರಗತಿಯಲ್ಲಿ ಒಂದರ ಹಿಂದೆ ಒಂದು ವಸ್ತು ಅಡಗುವುದು, ನೆಲ ಹಾಳೆಯ ಮೇಲಕ್ಕೆ ಹಬ್ಬುವುದು ಶುರುವಾಗುತ್ತದೆ. ಈ ವಯಸ್ಸಿನಲ್ಲಿ ತನ್ನ ಗೆರೆಯೇ ತನಗೆ ಹಿಡಿಸುವುದಿಲ್ಲ, ಅಳಿಸಿ ಅಳಿಸಿ ಹಾಳೆ ಕೊಳೆಯಾಗುತ್ತದೆ. ಆ ಕಲೆ ನೋಡಿ ಮೂಗು ಮುರಿಯಬೇಡಿ, ಯೋಚಿಸಿದ ಗುರುತು ಅದು. ಹೈಸ್ಕೂಲಿನಲ್ಲಿ ಮಾತ್ರ ಪ್ರಮಾಣ, ನೆರಳು-ಬೆಳಕು, ಸಂಯೋಜನೆ ಕೇಳುವುದು ಸರಿ.

ಎಲೆ ಕಂದು, ಮಣ್ಣು ಹಸಿರು ಆಗಿದ್ದರೂ ತಪ್ಪೆಂದು ಬರೆಯಬೇಡಿ. ಕೆಂಪು-ಹಸಿರು ಬೇರ್ಪಡಿಸಿ ಕಾಣಲಾಗದ ಮಕ್ಕಳಿದ್ದಾರೆ, ಹೆಚ್ಚಾಗಿ ಹುಡುಗರು.

ಅಂಕಗಳ ಹಂಚಿಕೆ ಹೀಗಿರಲಿ. 1ರಿಂದ 4ನೇ ತರಗತಿಗೆ ಒಟ್ಟು 50: ವಿಷಯವನ್ನು ತಾನೇ ಕಂಡ ರೀತಿ 20, ಹಾಳೆ ತುಂಬಿದ ಬಗೆ 10, ಬಣ್ಣ 10, ಗೆರೆಯ ಧೈರ್ಯ 10. 5ರಿಂದ 7ಕ್ಕೆ ಸ್ವಂತ ನೋಟ 20, ಸಂಯೋಜನೆ 15, ಬಣ್ಣ 10, ಗೆರೆ 5. 8ರಿಂದ 10ಕ್ಕೆ ಸ್ವಂತ ನೋಟ 15, ಸಂಯೋಜನೆ 15, ಪ್ರಮಾಣ ಮತ್ತು ಗೆರೆ 10, ಬಣ್ಣ ಮತ್ತು ನೆರಳು-ಬೆಳಕು 10. ಅಚ್ಚುಕಟ್ಟಿಗೆ ಬೇರೆ ಅಂಕ ಇಲ್ಲ. ಬೇರೆ ಕಾಲಂ ಕೊಟ್ಟರೆ ಎಲ್ಲರೂ ಮೊದಲು ಅದನ್ನೇ ತುಂಬುತ್ತಾರೆ, ಏಕೆಂದರೆ ಅಚ್ಚುಕಟ್ಟು ಥಟ್ಟನೆ ಕಾಣುತ್ತದೆ. ಈ ಹಂಚಿಕೆಯನ್ನು ಸ್ಪರ್ಧೆಯ ಸುತ್ತೋಲೆಯಲ್ಲೇ ಅಚ್ಚು ಹಾಕಿಸಿ ಶಾಲೆಗಳಿಗೆ ಕಳಿಸಿರಿ.

ನೋಡುವ ಕ್ರಮ

120 ಚಿತ್ರಗಳಿವೆ ಎಂದಿಟ್ಟುಕೊಳ್ಳಿ. ಹಗಲು ಬೆಳಕು ಬರುವ ಕೋಣೆಯಲ್ಲಿ ಮೇಜುಗಳ ಮೇಲೆ ಅಥವಾ ಗುಡಿಸಿದ ನೆಲದ ಮೇಲೆ ಜಮಖಾನೆ ಹಾಸಿ ಹರಡಿ. ಹಳದಿ ಬಲ್ಬಿನ ಕೆಳಗೆ ನೀಲಿ, ನೇರಳೆ ಮಂಕಾಗುತ್ತವೆ. ಗೋಡೆಗೆ ಮೂರು ಸಾಲಾಗಿ ತೂಗುಹಾಕಿದರೆ ಕಣ್ಣಿನ ಮಟ್ಟದ ಸಾಲಿಗೆ ಲಾಭ. ಫ್ಯಾನ್ ಬಂದ್ ಮಾಡಿ.

ಮೊದಲ ಸುತ್ತು ಕೈಯಲ್ಲಿ ಪೆನ್ನಿಲ್ಲದೆ. ಮೂವರೂ ಮಾತಾಡದೆ ಎಲ್ಲ ಚಿತ್ರ ನೋಡಿಬರಲಿ, ಹತ್ತು ನಿಮಿಷ. ಇದನ್ನು ಬಿಟ್ಟರೆ ಏನಾಗುತ್ತದೆಂದರೆ, ಮುಂದೆ ಇನ್ನೂ ಒಳ್ಳೆಯದು ಬಂದೀತು ಎಂದು ಮೊದಲ ಹತ್ತು ಚಿತ್ರಗಳಿಗೆ ಕೈ ಬಿಗಿ ಹಿಡಿಯುತ್ತಾರೆ. ಅತ್ಯುತ್ತಮ ಚಿತ್ರದ ಪಕ್ಕದಲ್ಲಿರುವ ಒಳ್ಳೆಯ ಚಿತ್ರವೂ ಸಪ್ಪೆಯಾಗಿ ಕಾಣುತ್ತದೆ.

ಎರಡನೇ ಸುತ್ತು ಆರಿಸುವುದು. ಒಬ್ಬರು ಈ ತುದಿಯಿಂದ, ಒಬ್ಬರು ಆ ತುದಿಯಿಂದ, ಒಬ್ಬರು ನಡುವಿನಿಂದ ಶುರುಮಾಡಬೇಕು. ಪ್ರತಿಯೊಬ್ಬರೂ ತಮಗೆ ಉಳಿಯಬೇಕೆನಿಸಿದ ಚಿತ್ರಗಳ ಸಂಖ್ಯೆಯನ್ನು ತಮ್ಮ ಚೀಟಿಯಲ್ಲಿ ಬರೆಯುವುದು, ಹೆಚ್ಚೆಂದರೆ 15. ಮೂವರಲ್ಲಿ ಒಬ್ಬರು ಬರೆದರೂ ಆ ಚಿತ್ರ ಮುಂದಿನ ಸುತ್ತಿಗೆ ಬರುತ್ತದೆ. ವಿಚಿತ್ರವಾದ, ಆದರೆ ಜೀವ ಇರುವ ಚಿತ್ರಗಳು ಬಹುಮತಕ್ಕೆ ಬಿಟ್ಟರೆ ಇಲ್ಲೇ ಸತ್ತುಹೋಗುತ್ತವೆ. ಚಿತ್ರಕ್ಕೆ 20 ಸೆಕೆಂಡಿನಂತೆ ಇದಕ್ಕೆ 40 ನಿಮಿಷ.

ಉಳಿದ ಮೂವತ್ತರ ಆಸುಪಾಸಿನ ಚಿತ್ರಗಳಿಗೆ ಅಂಕ, ಒಂದೊಂದಕ್ಕೆ ಎರಡು ನಿಮಿಷ, ಅಂದರೆ ಒಂದು ತಾಸು. ಈ ಹೊತ್ತಿನಲ್ಲೂ ಮಾತು ಬೇಡ. ಹಿರಿಯರೊಬ್ಬರು "ಇದು ಭಾರಿ ಐತಿ ನೋಡ್ರಿ" ಎಂದರೆ ಕಿರಿಯರ ಪೆನ್ನು ಅತ್ತ ಹೊರಳುತ್ತದೆ. ಮನೋವಿಜ್ಞಾನಿ ಟೆರೇಸಾ ಅಮಾಬೈಲ್ 1982ರಲ್ಲಿ ಸೃಜನಶೀಲತೆಯನ್ನು ಅಳೆಯಲು ಮುಂದಿಟ್ಟ ಪದ್ಧತಿಯ ಜೀವಾಳವೂ ಇದೇ: ಬಲ್ಲವರು ಬೇರೆ ಬೇರೆಯಾಗಿ, ಬೇರೆ ಬೇರೆ ಸರದಿಯಲ್ಲಿ, ಎದುರಿಗಿರುವ ಕೃತಿಗಳನ್ನು ಒಂದರ ಜೊತೆ ಒಂದು ಹೋಲಿಸಿ ನೋಡಬೇಕು.

ಮುಂದೆ ಹೇಳುವ ಸ್ಥಾನ ಬರೆಯುವುದು, ಚರ್ಚೆ ಎಲ್ಲ ಸೇರಿ ಎರಡೂವರೆ ತಾಸು ಬೇಕು. ಸಂಘಟಕರು ಕೊಡುವುದು ಅರ್ಧ ತಾಸು, ಅದೂ ವೇದಿಕೆಯ ಮೇಲೆ ಅತಿಥಿಗಳು ಕಾಯುತ್ತಿರುವಾಗ. ಬಹುಮಾನ ವಿತರಣೆಯನ್ನು ಅದೇ ದಿನ ಇಟ್ಟುಕೊಳ್ಳಲೇಬೇಡಿ.

ಅಂಕ ಕೂಡಿಸುವಾಗ ಆಗುವ ತಪ್ಪು

ಮೂವರ ಅಂಕ ಕೂಡಿಸಿ ಹೆಚ್ಚು ಬಂದವರಿಗೆ ಪ್ರಥಮ ಎನ್ನುವುದು ಸುಲಭ, ಆದರೆ ಮೋಸ ಇದೆ. ಒಂದು ಲೆಕ್ಕ ನೋಡಿ.

ಚಿತ್ರ 17ಕ್ಕೆ ಮೊದಲ ನಿರ್ಣಾಯಕರು 46, ಎರಡನೆಯವರು 45, ಮೂರನೆಯವರು 30 ಕೊಟ್ಟರು. ಒಟ್ಟು 121.
ಚಿತ್ರ 42ಕ್ಕೆ 44, 43, 44. ಒಟ್ಟು 131.
ಚಿತ್ರ 88ಕ್ಕೆ 40, 41, 38. ಒಟ್ಟು 119.

ಕೂಡಿಸಿದರೆ 42 ಗೆದ್ದಿತು. ಆದರೆ ಮೂವರಲ್ಲಿ ಇಬ್ಬರು 17 ಮೇಲೆಂದಿದ್ದರು. ಮೂರನೆಯವರ ಕೈ ಅಗಲವಾದದ್ದು, 30ರಿಂದ 44ರವರೆಗೆ ಹರಡಿ ಕೊಟ್ಟರು. ಉಳಿದಿಬ್ಬರು 40ರಿಂದ 46ರೊಳಗೇ ಇದ್ದರು. ಹೀಗೆ ಹರಡಿ ಕೊಡುವವರ ಅಭಿಪ್ರಾಯ ತೂಕದಲ್ಲಿ ಇಬ್ಬರನ್ನು ಮೀರುತ್ತದೆ.

ಆದ್ದರಿಂದ ಅಂಕವನ್ನು ಮೂವತ್ತರಿಂದ ಹತ್ತಕ್ಕೆ ಇಳಿಸಲು ಮಾತ್ರ ಬಳಸಿ. ಕೊನೆಯ ಹತ್ತನ್ನು ಪ್ರತಿ ನಿರ್ಣಾಯಕರೂ 1ರಿಂದ 10ರವರೆಗೆ ಸ್ಥಾನ ಬರೆದು ಸಾಲು ಹಚ್ಚಲಿ. ಸ್ಥಾನಗಳನ್ನು ಕೂಡಿಸಿ, ಕಡಿಮೆ ಬಂದದ್ದು ಮುಂದೆ. ಮೇಲಿನ ಮೂರು ಚಿತ್ರಗಳನ್ನಷ್ಟೇ ಹೀಗೆ ನೋಡಿದರೆ 17ಕ್ಕೆ 1+1+3, 42ಕ್ಕೆ 2+2+1. ಎರಡಕ್ಕೂ 5. ಸಮ ಬಂದಾಗ ಒಂದೇ ಪ್ರಶ್ನೆ: ಇವೆರಡರಲ್ಲಿ ಹೆಚ್ಚು ನಿರ್ಣಾಯಕರು ಯಾವುದನ್ನು ಮೇಲಿಟ್ಟಿದ್ದಾರೆ? ಇಬ್ಬರು 17 ಎಂದಿದ್ದಾರೆ, 17 ಪ್ರಥಮ. ಮೂವರಿದ್ದಾಗ ಎರಡು ಚಿತ್ರಗಳ ನಡುವೆ ಈ ಪ್ರಶ್ನೆಗೆ ಉತ್ತರ ಸಿಕ್ಕೇ ಸಿಗುತ್ತದೆ, ಚೀಟಿ ಎತ್ತುವ ಪ್ರಸಂಗ ಬರುವುದಿಲ್ಲ.

ಹಾಗೆಂದು ಮೂರನೆಯವರ 30ನ್ನು ಕಡೆಗಣಿಸಬಾರದು. ಒಬ್ಬರು ಬಹಳ ಮೇಲಿಟ್ಟದ್ದನ್ನು ಇನ್ನೊಬ್ಬರು ಬಹಳ ಕೆಳಗಿಟ್ಟಿದ್ದರೆ ಮಾತ್ರ ಈಗ ಬಾಯಿ ಬಿಡುವ ಹೊತ್ತು. ಅತಿ ಕಿರಿಯರು ಮೊದಲು ಮಾತಾಡಲಿ, ಹಿರಿಯರು ಕೊನೆಗೆ. ಅದು ಕ್ಯಾಲೆಂಡರಿನ ಚಿತ್ರದ ನಕಲು ಎಂದು ಕೆಳಗಿಟ್ಟವರಿಗೆ ಗೊತ್ತಾಗಿರಬಹುದು. ಕೇಳಿದ ಮೇಲೆ ಬದಲಿಸುವುದು ಬಿಡುವುದು ಅವರವರ ಇಚ್ಛೆ, ಬದಲಿಸಿದರೆ ಹಳೆಯ ಸಂಖ್ಯೆಗೆ ಒಂದು ಗೀಟು ಎಳೆದು ಪಕ್ಕದಲ್ಲಿ ಹೊಸದನ್ನು ಬರೆದು ಸಹಿ ಮಾಡಬೇಕು.

ಒಂದೇ ಅಚ್ಚಿನ ಚಿತ್ರಗಳು

ಎರಡು ಬೆಟ್ಟ, ನಡುವೆ ಹುಟ್ಟುವ ಸೂರ್ಯ, ಗುಡಿಸಲು, ತೆಂಗಿನಗಿಡ, ಹರಿಯುವ ಹೊಳೆ. ಬಯಲುಸೀಮೆಯ ಗದಗಿನ ಮಗು ಕೂಡ ಮಳೆ ಬಂದ ದಿನಕ್ಕೆ ಇದನ್ನೇ ತೆಗೆಯುತ್ತದೆ. ಆರು ಹಾಳೆ ಒಂದೇ ತೆರನಾಗಿದ್ದರೆ ಒಂದೇ ಕಡೆ ಕಲಿತವರೆಂದು ತಿಳಿಯಬಹುದು. ಅವರನ್ನು ಅನರ್ಹ ಮಾಡಬೇಡಿ, ಮಕ್ಕಳು ಹೇಳಿಕೊಟ್ಟದ್ದನ್ನು ಮಾಡಿದ್ದಾರೆ. ಸ್ವಂತ ನೋಟದ ಕಾಲಂನಲ್ಲಿ ಕಡಿಮೆ ಅಂಕ ಬಿದ್ದರೆ ಅದೇ ಸಾಕು. ಆರರಲ್ಲಿ ಒಂದು ಮಗು ಗುಡಿಸಲ ಪಕ್ಕ ತನ್ನ ಮನೆಯ ಎಮ್ಮೆ ಕಟ್ಟಿದ್ದರೆ ಆ ಎಮ್ಮೆಗೆ ಅಂಕ ಕೊಡಿ.

ಮನೆಯಲ್ಲಿ ತೆಗೆದು ಕಳಿಸುವ ಸ್ಪರ್ಧೆಯಲ್ಲಿ ಕೈ ಯಾರದೆಂದು ತಿಳಿಯುವ ದಾರಿ ಒಂದೇ. ಕೊನೆಯ ಹತ್ತು ಮಕ್ಕಳನ್ನು ಕರೆಸಿ, ಅಲ್ಲಿಯೇ 20 ನಿಮಿಷ ಬೇರೆ ವಿಷಯದ ಚಿತ್ರ ತೆಗೆಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಿ.

ಫಲಿತಾಂಶ, ತಕರಾರು, ಬಹುಮಾನ

ಎಲ್ಲ ಚಿತ್ರಗಳನ್ನೂ ಎರಡು ದಿನ ಪ್ರದರ್ಶನಕ್ಕಿಡಿ, ಗೆದ್ದ ಮೂರನ್ನಷ್ಟೇ ಅಲ್ಲ. ಪಕ್ಕದಲ್ಲಿ ಸಂಖ್ಯೆವಾರು ಸ್ಥಾನಗಳ ಪಟ್ಟಿ ಇರಲಿ, ನಿರ್ಣಾಯಕರ ಹೆಸರಿನ ಬದಲು ಅ, ಆ, ಇ. ಕೊನೆಯ ಮೂವತ್ತಕ್ಕೆ ಒಂದೊಂದು ಸಾಲಿನ ಮಾತು ಬರೆಯಿಸಿ: "ಸಂತೆಯ ಗದ್ದಲ ಚೆನ್ನಾಗಿ ಬಂದಿದೆ, ಬಲಭಾಗ ಖಾಲಿ ಉಳಿದಿದೆ." ಆ ತಾಯಿಯ ಪ್ರಶ್ನೆಗೆ ಇದು ಉತ್ತರ. ತಕರಾರಿಗೆ ಎರಡು ದಿನ ಅವಕಾಶ ಕೊಡಿ. ಕೂಡಿಸಿದ್ದು ತಪ್ಪಿದ್ದರೆ, ನಿಯಮ ಮುರಿದಿದ್ದರೆ ತಿದ್ದಬೇಕು, ಅಭಿರುಚಿಯ ವಿಷಯಕ್ಕೆ ಮರುತೀರ್ಪು ಇಲ್ಲ. ಲಕೋಟೆ, ಅಂಕಪಟ್ಟಿ, ಸ್ಥಾನಪಟ್ಟಿ ಒಂದು ತಿಂಗಳು ಜೋಪಾನ.

ಮುಂದಿನ ಹಂತಕ್ಕೆ ಮಗುವನ್ನು ಕಳಿಸಬೇಕಾದ ಪ್ರತಿಭಾ ಕಾರಂಜಿಯಲ್ಲಿ ಪ್ರಥಮ, ದ್ವಿತೀಯ, ತೃತೀಯ ಬೇಕೇ ಬೇಕು. ಸಂಘ-ಸಂಸ್ಥೆಗಳು ನಡೆಸುವ ಸ್ಪರ್ಧೆಯಲ್ಲಿ ನಾಲ್ಕನೇ ತರಗತಿಯವರೆಗೆ ಸ್ಥಾನ ಕೊಡದಿರುವುದು ಒಳ್ಳೆಯದು. ಅಮೆರಿಕದ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಚಿತ್ರ ತೆಗೆಯುವುದನ್ನು ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಿಗೆ ಪ್ರಮಾಣಪತ್ರ ಕೊಡುತ್ತೇವೆಂದು ಮೊದಲೇ ಹೇಳಿ ಚಿತ್ರ ತೆಗೆಸಿದರು. ಕೆಲವು ದಿನಗಳ ನಂತರ ಅದೇ ಮಕ್ಕಳು ಬಿಡುವಿನ ಹೊತ್ತಿನಲ್ಲಿ ಚಿತ್ರ ತೆಗೆಯುವುದು ಉಳಿದವರಿಗಿಂತ ಕಡಿಮೆಯಾಗಿತ್ತು. ಸಣ್ಣವರಲ್ಲಿ ಹತ್ತು ಚಿತ್ರಗಳನ್ನು "ಮೆಚ್ಚಿದ ಚಿತ್ರಗಳು" ಎಂದು ಹೇಳಿ, ಎಲ್ಲರಿಗೂ ಬಣ್ಣದ ಡಬ್ಬಿ ಕೊಟ್ಟು ಕಳಿಸಿ. ದೊಡ್ಡ ವಿಭಾಗದವರಿಗೆ ಟ್ರೋಫಿಯ ಬದಲು ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ತೋರಿಸಿ ತರಬಹುದು. ಟಿ.ಬಿ. ಸೊಲಬಕ್ಕನವರ ಅವರು ನಮ್ಮ ಹಳ್ಳಿಯ ಬದುಕನ್ನು ಶಿಲ್ಪಗಳಲ್ಲಿ ನಿಲ್ಲಿಸಿದ ಜಾಗವದು, ಚಿತ್ರ ತೆಗೆಯುವ ಮಗು ಅಲ್ಲಿ ಕಲಿಯುವುದು ಬಹಳ ಇದೆ.

ಪ್ರದರ್ಶನ ಮುಗಿದ ಮೇಲೆ ಚಿತ್ರಗಳನ್ನು ಮಕ್ಕಳಿಗೆ ಮರಳಿಸಬೇಕು. ಕ್ಯಾಲೆಂಡರಿಗೋ ಸ್ಮರಣ ಸಂಚಿಕೆಗೋ ಬಳಸುವುದಿದ್ದರೆ ಪಾಲಕರ ಒಪ್ಪಿಗೆ ಬರಹದಲ್ಲಿ ಪಡೆದು, ಮಗುವಿನ ಹೆಸರು ಹಾಕಿಸಿ. ಆಯಿಲ್ ಪೇಸ್ಟಲ್ ಚಿತ್ರಗಳನ್ನು ಒಂದರ ಮೇಲೊಂದು ಒತ್ತಿಟ್ಟರೆ ಬಣ್ಣ ಮೇಲಿನ ಹಾಳೆಗೆ ಅಂಟುತ್ತದೆ, ಸುತ್ತಿದರೆ ಉಜ್ಜಿ ಹೋಗುತ್ತದೆ. ನಡುನಡುವೆ ಬಟರ್ ಪೇಪರ್ ಇಟ್ಟು, ಎರಡು ರಟ್ಟಿನ ನಡುವೆ ಚಪ್ಪಟೆಯಾಗಿ ಕಟ್ಟಿ, ಶಾಲೆವಾರು ಗಂಟು ಮಾಡಿ ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯ ದಿನ ಆಯಾ ಶಾಲೆಯ ಗುರುಗಳ ಕೈಗೆ ಸಹಿ ಪಡೆದು ಕೊಡಿ.